ದಡದ ಹತ್ತಿರವೇ ಬಂದ ಧೈರ್ಯ: ವಾಣಿವಿಲಾಸ ಸಾಗರದಲ್ಲಿ ಬೋಟ್ ಕಲಿತ ನನ್ನ ಅನುಭವ

ಬೋಟ್ ಓಡಿಸೋಕೆ ಧೈರ್ಯ ಹೇಗೆ ಬಂತು ಅಂತ ಹೊಸಬರು ಕೇಳುತ್ತಾರೆ. ದೂರ ಹೋಗಿ ಬಂದಿದ್ದರಿಂದ ಬಂತು ಅಂತ ಅವರು ಅಂದುಕೊಂಡಿರುತ್ತಾರೆ. ನನಗೆ ಬಂದದ್ದು ದಡದಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ಏನೇನು ಕೆಡಬಹುದೋ ಅದನ್ನೆಲ್ಲ ಅಲ್ಲೇ ಬೇಕಂತಲೇ ಮಾಡಿ ನೋಡಿದೆ.

ನಮ್ಮದು ಗೆಳೆಯರು ಸೇರಿ ಕೊಂಡ ಹದಿನಾಲ್ಕು ಅಡಿಯ ಫೈಬರ್ ಬೋಟ್. ಹಿಂದೆ 15 ಎಚ್‌ಪಿ ಔಟ್‌ಬೋರ್ಡ್ ಮೋಟಾರ್. ಅನುಮತಿ, ನೋಂದಣಿ ಎಲ್ಲ ಮುಗಿಸಿಕೊಂಡೇ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರದ ನೀರಿಗೆ ಇಳಿಸಿದೆವು. ಅದಕ್ಕೂ ಮೊದಲು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಪವರ್‌ಬೋಟ್ ತರಬೇತಿ ಮಾಡಿಕೊಂಡು ಬಂದೆ. ಅದು ತುಂಬ ಉಪಯೋಗವಾಯಿತು. ಆದರೆ ಅಲ್ಲಿಯದು ಸಮುದ್ರ. ನಮ್ಮ ನೀರಿನ ಗುಣವನ್ನು ಇಲ್ಲೇ ಕಲಿಯಬೇಕಿತ್ತು.

ಈ ಸಾಗರದ ಅಣೆಕಟ್ಟು, ಅಂದರೆ ಮಾರಿಕಣಿವೆ ಅಣೆಕಟ್ಟು, ಮುಗಿದದ್ದು 1907ರಲ್ಲಿ. ವೇದಾವತಿ ನದಿ 1933ರಲ್ಲಿ ಅದನ್ನು ತುಂಬಿಸಿದಳು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಚರಿತ್ರೆ ಬೋಟ್ ಓಡಿಸುವವನಿಗೆ ಸುಮ್ನೆ ಓದಿ ಬಿಡುವಂಥದ್ದಲ್ಲ. ಅಷ್ಟು ವರ್ಷ ಬಯಲಾಗಿದ್ದ ಜಾಗದಲ್ಲಿ ಜಾಲಿ ಬೆಳೆದಿತ್ತು, ಹೊಸದುರ್ಗದ ಕಡೆ ತೋಟಗಳಿದ್ದವು. ನೀರು ಏರಿದಾಗ ಅವೆಲ್ಲ ಒಳಗೆ ಹೋದವು. ಹಿನ್ನೀರಿನಲ್ಲಿ ಮೇಲೆ ನೀರು ಕನ್ನಡಿಯಂತೆ ಕಂಡರೂ ಒಂದಡಿ ಕೆಳಗೆ ಕೊಂಬೆ ಇರಬಹುದು. ಹಾಗಾಗಿ ಗುರುತಿಲ್ಲದ ಕಡೆ ನಾನು ನಡಿಗೆಯ ವೇಗದಲ್ಲಿ ಮಾತ್ರ ಹೋಗುತ್ತೇನೆ. ಮುಂದೆ ಒಬ್ಬರನ್ನು ಕೂರಿಸಿ ನೀರು ನೋಡಿಸುತ್ತೇನೆ. ಕಳೆದ ತಿಂಗಳು ಸಲೀಸಾಗಿ ಹೋಗಿದ್ದ ದಾರಿ ಈ ತಿಂಗಳು ಹಾಗೇ ಇರುತ್ತೆ ಅನ್ನೋಕಾಗಲ್ಲ. ನೀರಿನ ಮಟ್ಟ ಇಳಿದ ಹಾಗೆ ಅಡಿಯಲ್ಲಿದ್ದದ್ದು ಮೇಲೆ ಬರುತ್ತದೆ.

ಮೊದಲು ಕಲಿತದ್ದು ನಿಲ್ಲಿಸುವುದನ್ನು. ಬೋಟಿಗೆ ಬ್ರೇಕ್ ಇಲ್ಲ. ಗೇರ್ ನ್ಯೂಟ್ರಲ್‌ಗೆ ತಂದ ಮೇಲೂ ಅದು ಜಾರುತ್ತಲೇ ಇರುತ್ತದೆ, ಆಗ ಅದು ಸರಿಯಾಗಿ ತಿರುಗುವುದೂ ಇಲ್ಲ. ಪ್ರೊಪೆಲ್ಲರ್ ನೀರು ತಳ್ಳುತ್ತಿದ್ದರೆ ಮಾತ್ರ ತಿರುಗುವ ಶಕ್ತಿ. ಮೋಟಾರಿನ ಹಿಡಿಯನ್ನು ಎಡಕ್ಕೆ ತಳ್ಳಿದರೆ ಬೋಟಿನ ಮೂತಿ ಬಲಕ್ಕೆ ಹೋಗುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ರಿವರ್ಸ್ ಹಾಕಿ ಅಭ್ಯಾಸ ಇರುವವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಎರಡು ಖಾಲಿ ಕ್ಯಾನಿಗೆ ಹಗ್ಗ, ಕಲ್ಲು ಕಟ್ಟಿ ನೀರಲ್ಲಿ ಬಿಟ್ಟೆ. ಅವುಗಳ ಪಕ್ಕಕ್ಕೆ ಹೋಗಿ ನಿಲ್ಲುವುದು, ಹಿಂದಕ್ಕೆ ಬರುವುದು, ಮತ್ತೆ ನಿಲ್ಲುವುದು. ಬೇಸರ ಬರುವ ಕೆಲಸ ಇದು. ಆದರೆ ಇದರಷ್ಟು ಉಪಕಾರ ಮಾಡಿದ ಅಭ್ಯಾಸ ಇನ್ನೊಂದಿಲ್ಲ. ದಡಕ್ಕೆ ಬರುವಾಗ ಆದಷ್ಟು ಗಾಳಿಗೆ ಎದುರಾಗಿಯೇ ಬರುತ್ತೇನೆ, ಗಾಳಿಯೇ ಬೋಟಿನ ಓಟವನ್ನು ಹಿಡಿಯುತ್ತದೆ. ಬೋಟ್ ಕಲ್ಲಿಗೆ ತಾಗುವ ಹಾಗಾದರೂ ಕೈ ಕಾಲು ಅಡ್ಡ ಕೊಡಬೇಡಿ ಅಂತ ಹತ್ತಿದವರಿಗೆಲ್ಲ ಮೊದಲೇ ಹೇಳಿರುತ್ತೇನೆ.

ಇನ್ನು ಗಾಳಿಯ ವಿಷಯ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಜಾಸ್ತಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗಿನ ಮೋಡ ಎದ್ದರೆ ಶಾಂತವಾಗಿದ್ದ ನೀರು ಬೇಗ ಕೆಡುತ್ತದೆ. ಇಲ್ಲಿ ತೆಪ್ಪದಲ್ಲಿ ಬಲೆ ಬಿಡುವ ಒಬ್ಬ ಹಿರಿಯರಿದ್ದಾರೆ, ನಾನು ಅಣ್ಣ ಅಂತಲೇ ಕರೆಯುತ್ತೇನೆ. ಅವರು ಬಲೆ ಎತ್ತಿಕೊಂಡು ದಡದ ಕಡೆ ಹೊರಟರೆ ನಾನೂ ಬೋಟ್ ತಿರುಗಿಸುತ್ತೇನೆ. ಅಲೆಯ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಾಣಿಸಿದರೆ ಗಾಳಿ ಗಂಟೆಗೆ 12ರಿಂದ 19 ಕಿ.ಮೀ. ಇದೆ ಎಂದು ಲೆಕ್ಕ. ನೊರೆ ಕಂಡ ದಿನ ನಾನು ಹೊರಡುವುದಿಲ್ಲ. ಹೊರಟ ದಿನ ಮೊದಲು ಗಾಳಿಗೆ ಎದುರಾಗಿ ಹೋಗುತ್ತೇನೆ. ಮೋಟಾರ್ ಕೆಟ್ಟರೆ ಹೊರಟ ದಡದ ಕಡೆಗೇ ತೇಲಿ ಬರಬಹುದು.

ಮೋಟಾರ್ ಕೆಟ್ಟಾಗ ಲಂಗರು ಬೇಕು. ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟರೆ ಲಂಗರು ಚೆನ್ನಾಗಿ ಹಿಡಿಯುತ್ತದೆ. ತುಂಬಿದಾಗ ಅಣೆಕಟ್ಟಿನ ಮಟ್ಟ 130 ಅಡಿ. ಅಂಥ ಆಳದಲ್ಲಿ ನನ್ನ ಹಗ್ಗ ಯಾವ ಲೆಕ್ಕಕ್ಕೂ ಇಲ್ಲ. ಅದಕ್ಕೇ ಲಂಗರು ನಿಲ್ಲುವಷ್ಟು ಆಳದಲ್ಲೇ ಓಡಾಡುತ್ತೇನೆ. ಲಂಗರನ್ನು ಕಟ್ಟುವುದು ಯಾವಾಗಲೂ ಮೂತಿಗೆ. ಹಿಂಬದಿಗೆ ಕಟ್ಟಿದರೆ ಭಾರವಾದ ಮೋಟಾರ್ ಕಡೆಯಿಂದ ಅಲೆ ಒಳಗೆ ನುಗ್ಗುತ್ತದೆ. ಎರಡು ಹುಟ್ಟು ಕೂಡ ಬೋಟಿನಲ್ಲೇ ಇರುತ್ತವೆ. ಪೆಟ್ರೋಲನ್ನು ಮೂರು ಪಾಲು ಮಾಡಿಕೊಳ್ಳುತ್ತೇನೆ: ಹೋಗಲು ಒಂದು, ಬರಲು ಒಂದು, ಉಳಿದದ್ದನ್ನು ಮುಟ್ಟುವುದಿಲ್ಲ. ಮೋಟಾರನ್ನು ತಣ್ಣಗಿಡುವ ನೀರು ಅದರ ಹಿಂದಿನಿಂದ ಸಣ್ಣ ಧಾರೆಯಾಗಿ ಬೀಳುತ್ತಿರಬೇಕು. ಆ ಧಾರೆ ನಿಂತರೆ ಕಸವೋ ಪ್ಲಾಸ್ಟಿಕ್ಕೋ ಸಿಕ್ಕಿರಬಹುದು, ತಕ್ಷಣ ಮೋಟಾರ್ ಆಫ್ ಮಾಡಬೇಕು.

ಯಾರಾದರೂ ನೀರಿಗೆ ಬಿದ್ದರೆ? ನನ್ನ ದೊಡ್ಡ ಭಯ ಇದೇ ಆಗಿತ್ತು. ಕ್ಯಾನಿಗೆ ಅರ್ಧ ನೀರು ತುಂಬಿಸಿ, ಹಳೇ ಲೈಫ್ ಜಾಕೆಟ್ ತೊಡಿಸಿ, ಗೆಳೆಯನಿಗೆ ಇಷ್ಟ ಬಂದಾಗ ಹೇಳದೇ ಎಸೆಯಲು ಹೇಳುತ್ತಿದ್ದೆ. ಬಿದ್ದ ಬದಿಗೇ ಬೋಟ್ ತಿರುಗಿಸಬೇಕು, ಆಗ ಹಿಂಬದಿಯ ಪ್ರೊಪೆಲ್ಲರ್ ಅವರಿಂದ ದೂರ ಸರಿಯುತ್ತದೆ. ಒಬ್ಬರು ಕಣ್ಣು ತೆಗೆಯದೇ ಬೆರಳು ತೋರಿಸುತ್ತಲೇ ಇರಬೇಕು. ತೇಲುವ ವಸ್ತು ಎಸೆಯಬೇಕು. ಗಾಳಿಗೆ ಎದುರಾಗಿ ನಿಧಾನ ಬಂದು, ಪಕ್ಕಕ್ಕೆ ಬಂದ ಕೂಡಲೇ ಮೋಟಾರ್ ಆಫ್. ನ್ಯೂಟ್ರಲ್ ಸಾಲದು. ಎತ್ತುವಾಗ ಉಳಿದವರೆಲ್ಲ ಒಂದೇ ಬದಿಗೆ ಬಾಗಬಾರದು, ಬೋಟೇ ಮಗುಚೀತು. ಒದ್ದೆಯಾದ ದೊಡ್ಡವರನ್ನು ಎತ್ತುವುದು ಬಲು ಕಷ್ಟ ಎಂದು ಬೇಸಿಗೆಯಲ್ಲಿ ನಾವೇ ನೀರಿಗಿಳಿದು ನೋಡಿದಾಗ ತಿಳಿಯಿತು. ಆಮೇಲೆ ಹಗ್ಗದ ಏಣಿ ತಂದೆವು.

ನಾನೇ ಬಿದ್ದರೆ ಏನು ಗತಿ? ಅದಕ್ಕೆ ಕಿಲ್ ಸ್ವಿಚ್ ಇದೆ. ಕೆಂಪು ಸುರುಳಿ ಹಗ್ಗದ ಒಂದು ತುದಿ ಮೋಟಾರಿಗೆ, ಇನ್ನೊಂದು ನನ್ನ ತೊಡೆಗೆ. ಹಗ್ಗ ಕಿತ್ತರೆ ಮೋಟಾರ್ ನಿಲ್ಲುತ್ತದೆ. ಹೊರಡುವ ಮುನ್ನ ಪ್ರತಿ ಸಲ ಎಳೆದು ನೋಡುತ್ತೇನೆ. ಲೈಫ್ ಜಾಕೆಟ್ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ, ಈಜು ಬರುವವರದ್ದೂ. ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯುತ್ತೇನೆ. ಕಿವಿವರೆಗೆ ಎದ್ದು ಬಂದರೆ ಅದು ಸಡಿಲ. ಮಕ್ಕಳಿಗೆ ಕಾಲಸಂದಿನ ಪಟ್ಟಿ ಇರಲೇಬೇಕು. ಕುಡಿದು ಬಂದವರು ನಮ್ಮ ಬೋಟ್ ಹತ್ತುವುದಿಲ್ಲ, ಎಷ್ಟೇ ಹತ್ತಿರದವರಾಗಿರಲಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ದಡದಲ್ಲಿ ಒಬ್ಬರಿಗೆ ಹೇಳಿಯೇ ಹೊರಡುವುದು. ಆ ಹೊತ್ತು ಮೀರಿದರೆ ಅವರು ಮೊದಲು ನಮಗೆ, ನಾವು ಸಿಗದಿದ್ದರೆ 112ಕ್ಕೆ ಫೋನ್ ಮಾಡಬೇಕು.

ಈಗ ನನ್ನ ಹೆಂಡತಿ ಕಲಿಯುತ್ತಿದ್ದಾಳೆ. ಬಿದ್ದ ನನ್ನನ್ನು ಎತ್ತಿಕೊಂಡು ದಡ ಸೇರಿಸಲು ಬೋಟಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕಲ್ಲ. ಹೆಚ್ಚುವರಿ ಕಿಲ್ ಸ್ವಿಚ್ ಹಗ್ಗ ಎಲ್ಲಿದೆ, ಮೋಟಾರ್ ಮತ್ತೆ ಹೇಗೆ ಚಾಲೂ ಮಾಡುವುದು ಎಂಬಲ್ಲಿಂದ ಶುರು ಮಾಡಿದ್ದೇವೆ. ಕ್ಯಾನ್ ಎಸೆಯುವ ಕೆಲಸ ಈಗ ನನ್ನದು.