ಬುಡವಿಲ್ಲದ ಕೂದಲಿಗೆ ಆರೈಕೆ: ಚೌರಿ, ಹೇರ್ ಎಕ್ಸ್‌ಟೆನ್ಷನ್ ಕಾಪಾಡುವುದು ಹೇಗೆ?

ತಂಗಿಯ ಮದುವೆ ಮುಗಿದ ರಾತ್ರಿ ಅವಳ ಮೊಗ್ಗಿನ ಜಡೆ ಬಿಚ್ಚಿದವಳು ನಾನೇ. ಕಣ್ಣು ಎಳೆಯುತ್ತಿತ್ತು. ಚೌರಿಯನ್ನು ಹಾಗೇ ಸುತ್ತಿ, ಪ್ಲಾಸ್ಟಿಕ್ ಕವರಿಗೆ ತುರುಕಿ ಬೀರುವಿನಲ್ಲಿಟ್ಟೆ. ಸೀಮಂತಕ್ಕೆ ಬೇಕು ಅಂತ ತೆಗೆದರೆ ಒಳಗಿದ್ದದ್ದು ಹಕ್ಕಿಗೂಡು! ಒಣಗಿದ ಮಲ್ಲಿಗೆ ಮೊಗ್ಗು, ದಾರದ ತುಂಡು, ತುಕ್ಕು ಹಿಡಿದ ಮೂರು ಹೇರ್‌ಪಿನ್ನು, ಸ್ಪ್ರೇ ಅಂಟು, ಮುಗ್ಗಲು ವಾಸನೆ. ಸಿಕ್ಕು ಬಿಡಿಸಲು ಕೂತವಳು ಏಳುವಾಗ ಎರಡು ಗಂಟೆ ಕಳೆದಿತ್ತು. ಅರ್ಧ ಮುಷ್ಟಿ ಕೂದಲು ಬಾಚಣಿಗೆಯಲ್ಲೇ ಉಳಿದಿತ್ತು.

ನಮ್ಮ ತಲೆಗೂದಲಿಗೆ ನೆತ್ತಿಯಿಂದ ಜಿಡ್ಡು ಇಳಿಯುತ್ತಲೇ ಇರುತ್ತದೆ. ಜಡೆಗೆ ಸೇರಿಸುವ ಚೌರಿಗೂ, ಕ್ಲಿಪ್ಪಿನಿಂದಲೋ ಅಂಟಿನಿಂದಲೋ ಸ್ವಂತ ಕೂದಲಿಗೆ ಜೋಡಿಸುವ ಎಕ್ಸ್‌ಟೆನ್ಷನ್‌ಗೂ ಆ ಭಾಗ್ಯ ಇಲ್ಲ. ಒಣಗಿದರೆ ನಾವೇ ನೋಡಿಕೊಳ್ಳಬೇಕು. ತುಂಡಾದರೆ ಹೋಯಿತು, ಅಲ್ಲಿಂದ ಮತ್ತೆ ಚಿಗುರುವುದಿಲ್ಲ.

ಮೊದಲು, ಕೈಯಲ್ಲಿರುವುದು ಯಾವುದು?

ಒಂದೇ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ನಿಜವಾದ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಸಿಂಥೆಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಲ್ಲಿ ಹೇಳುವುದೆಲ್ಲ ನಿಜವಾದ ಕೂದಲಿಗೆ.

ಅದರಲ್ಲೂ ಎರಡು ಜಾತಿ. ಕೂದಲಿನ ಮೇಲ್ಪದರ ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ, ಒಂದರ ಮೇಲೊಂದು ಕೂತು ತುದಿಯ ಕಡೆಗೆ ಇಳಿದಿರುತ್ತದೆ. ತಿರುಮಲದಲ್ಲಿ ಮುಡಿ ಕೊಟ್ಟಂತೆ ಒಂದೇ ಸಲಕ್ಕೆ ತೆಗೆದ ಕೂದಲಿನಲ್ಲಿ ಎಲ್ಲ ಎಳೆಗಳ ಬುಡವನ್ನೂ ಒಂದೇ ಕಡೆ ಇಡಬಹುದು. ಅಂಗಡಿಯವರು ರೆಮಿ ಅನ್ನುವುದು ಇದಕ್ಕೆ. ಮನೆಮನೆಯಲ್ಲಿ ಬಾಚುವಾಗ ಉದುರಿದ ಕೂದಲಿನ ಕಥೆ ಬೇರೆ. ಪಾತ್ರೆಗೋ ಪಿನ್ನಿಗೋ ಕೊಟ್ಟ ಆ ಉಂಡೆಯಲ್ಲಿ ಬುಡ ತುದಿ ಎಲ್ಲ ಕಲಸಿಹೋಗಿ, ಎದುರುಬದುರಾದ ಹೆಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸುವುದೇ ಎಷ್ಟೋ ಮನೆಗಳ ಕಸುಬು. ಸಿಕ್ಕಾಗದಿರಲಿ ಅಂತ ಅಗ್ಗದ ಎಕ್ಸ್‌ಟೆನ್ಷನ್‌ನಲ್ಲಿ ಮೇಲ್ಪದರವನ್ನು ಆಸಿಡ್‌ನಿಂದ ತೆಗೆದು ಸಿಲಿಕೋನ್ ಲೇಪಿಸುವುದೂ ಉಂಟು. ತಂದ ದಿನ ರೇಷ್ಮೆ. ನಾಲ್ಕೈದು ಸಲ ತೊಳೆದರೆ ನಾರು. ಆಮೇಲೆ ಶಾಂಪೂವನ್ನು ಬೈದು ಏನು ಪ್ರಯೋಜನ?

ತೊಳೆಯುವ ದಿನ

ಬಳಸಿದಾಗಲೆಲ್ಲ ತೊಳೆಯಬೇಡಿ. ಕ್ಲಿಪ್ ಹಾಕುವ ಎಕ್ಸ್‌ಟೆನ್ಷನ್ ಆದರೆ 15ರಿಂದ 20 ಸಲ ತೊಟ್ಟ ಮೇಲೆ ಸಾಕು. ಸ್ಪ್ರೇ ಹೊಡೆದು ಹೂವು ಮುಡಿಸಿದ ಮದುವೆಯ ಚೌರಿಯನ್ನು ಮಾತ್ರ ಅದೇ ವಾರ ತೊಳೆದುಬಿಡಿ.

ನೀರು ಮುಟ್ಟಿಸುವ ಮೊದಲು ಪಿನ್ನು, ದಾರ, ಹೂವಿನ ಚೂರು ಎಲ್ಲ ತೆಗೆದು ಬಾಚಬೇಕು. ಅದೂ ತುದಿಯಿಂದ. ಮೇಲಿನ ಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಅಗಲ ಹಲ್ಲಿನ ಬಾಚಣಿಗೆಯಿಂದ ಕೊನೆಯ ಎರಡು ಇಂಚು ಬಿಡಿಸಿ. ಆಮೇಲೆ ಇನ್ನೆರಡು ಇಂಚು ಮೇಲೆ. ಬುಡದಿಂದ ಒಂದೇ ಸಮನೆ ಎಳೆದರೆ ಸಣ್ಣ ಗಂಟುಗಳೆಲ್ಲ ಕೆಳಗೆ ಬಂದು ಒಂದು ದೊಡ್ಡ ಗಂಟಾಗುತ್ತವೆ. ನನ್ನ ಅರ್ಧ ಮುಷ್ಟಿ ಹೋದದ್ದು ಹೀಗೇ.

ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು. ಸಲ್ಫೇಟ್ ಇಲ್ಲದ ಶಾಂಪೂ ಒಂದು ಚಮಚ ಕಲಸಿ. ಚೌರಿಯನ್ನು ಕಟ್ಟಿನಲ್ಲಿ ಹಿಡಿದು ನೆಟ್ಟಗೆ ಅದ್ದಿ, ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಓಡಿಸಿ. ಬಟ್ಟೆ ಒಗೆದ ಹಾಗೆ ಉಜ್ಜುವುದು, ಹಿಂಡುವುದು ಬೇಡವೇ ಬೇಡ. ಕಂಡಿಷನರ್ ಅನ್ನು ನಡುವಿನಿಂದ ತುದಿಯವರೆಗೆ ಹಚ್ಚಿ ಐದು ನಿಮಿಷ ಬಿಡಿ. ಹೊಲಿಗೆ ಅಥವಾ ಕಟ್ಟಿನ ಹತ್ತಿರ ಹಚ್ಚಬೇಡಿ, ಎಳೆ ಜಾರುತ್ತದೆ. ಸೀಗೆಕಾಯಿ ಪುಡಿಯೇ ಬೇಕು ಅನ್ನುವ ಅಜ್ಜಿಯಂದಿರ ಮಾತು ತಲೆಗೆ ಸರಿ. ಚೌರಿಗೆ ಹಾಕಿದರೆ ಆ ಪುಡಿ ಹೊಲಿಗೆಯೊಳಗೆ ಕೂತು ಸುಲಭಕ್ಕೆ ಬರುವುದಿಲ್ಲ, ಇದ್ದ ಜಿಡ್ಡೂ ಹೋಗುತ್ತದೆ.

ಬೋರ್‌ವೆಲ್ ನೀರಿನ ಮನೆಯವರು ಗಮನಿಸಿ. ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪದರ ಇದೆಯಲ್ಲ, ಅದೇ ಕೂದಲ ಮೇಲೂ ಕೂತು ಒರಟಾಗಿಸುತ್ತದೆ. ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹಾಕಿ.

ಒಣಗಿಸುವಾಗ ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ಹ್ಯಾಂಗರ್‌ಗೆ ಸಿಕ್ಕಿಸಿ ನೆರಳಲ್ಲಿ ತೂಗುಹಾಕಿ. ಬಿಸಿಲಿಗೆ ಬಣ್ಣ ಮಾಸುತ್ತದೆ. ಮಳೆಗಾಲದಲ್ಲಿ ಎರಡು ದಿನ ಬೇಕಾದರೂ ಕಾಯಿರಿ. ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಕಟ್ಟಿನೊಳಗೆ ಒದ್ದೆ ಉಳಿದಿರುತ್ತದೆ. ಆಮೇಲೆ ಎರಡೇ ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಸವರಿಕೊಂಡು ತುದಿಗೆ ಮುಟ್ಟಿಸಿ. ಜಾಸ್ತಿಯಾದರೆ ಧೂಳು ಅಂಟುತ್ತದೆ.

ಸ್ಟ್ರೇಟ್ನರ್ ಹಿಡಿಯುವುದಾದರೆ ಹೀಟ್ ಪ್ರೊಟೆಕ್ಟರ್ ಹಚ್ಚಿ, 180 ಡಿಗ್ರಿ ದಾಟಿಸಬೇಡಿ. ಬಣ್ಣ ತಿಳಿ ಮಾಡುವ ಸಾಹಸ ಬೇಡ. ಗಾಢ ಮಾಡಬಹುದು, ಮೊದಲು ನಾಲ್ಕು ಎಳೆಗೆ ಹಾಕಿ ನೋಡಿ.

ಟೇಪ್ ಹಾಕಿಸಿಕೊಂಡವರಿಗೆ

ಪಾರ್ಲರ್‌ನಲ್ಲಿ ಸ್ವಂತ ಕೂದಲಿನ ಬುಡಕ್ಕೆ ಟೇಪಿನಿಂದ ಅಂಟಿಸಿದ ಎಕ್ಸ್‌ಟೆನ್ಷನ್ ಆದರೆ ಮೊದಲ ಎರಡು ದಿನ ನೀರು ಸೋಕಿಸಬೇಡಿ. ಬುಡಕ್ಕೆ ಎಣ್ಣೆ ಹೋದರೆ ಅಂಟು ಬಿಡುತ್ತದೆ. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಅಮ್ಮ ಬಟ್ಟಲು ಹಿಡಿದು ನಿಂತರೆ ನೆತ್ತಿಗೆ ಶಾಸ್ತ್ರಕ್ಕೊಂದು ಹನಿ, ಅಷ್ಟೇ! ರಾತ್ರಿ ಸಡಿಲವಾಗಿ ಜಡೆ ಹೆಣೆದು ಮಲಗಿ, ಒದ್ದೆ ತಲೆಯಲ್ಲಂತೂ ಬೇಡ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಟೇಪ್ ಕೆಳಗಿಳಿಯುತ್ತದೆ. 6ರಿಂದ 8 ವಾರಕ್ಕೊಮ್ಮೆ ತೆಗೆಸಿ ಮತ್ತೆ ಮೇಲೆ ಹಾಕಿಸಬೇಕು. ಮನೆಯಲ್ಲಿ ಕೀಳಬೇಡಿ, ಸ್ವಂತ ಕೂದಲೂ ಜೊತೆಗೆ ಬರುತ್ತದೆ. ಬುಡದಲ್ಲಿ ನೋವು ಇಳಿಯದೇ ಇದ್ದರೆ, ಸಣ್ಣ ಗುಳ್ಳೆ ಎದ್ದರೆ ದುಡ್ಡಿನ ಮುಖ ನೋಡದೆ ತೆಗೆಸಿ. ಎಳೆತ ಹೀಗೇ ಮುಂದುವರಿದರೆ ಅಲ್ಲಿ ಕೂದಲು ಮತ್ತೆ ಬಾರದೇ ಹೋಗಬಹುದು.

ಎತ್ತಿಡುವುದು

ಪೂರ್ತಿ ಒಣಗಿದ ಮೇಲೆ ಒಮ್ಮೆ ಬಾಚಿ, ಸಡಿಲ ಜಡೆ ಹೆಣೆದು, ತುದಿಗೆ ಬಟ್ಟೆಯ ಬ್ಯಾಂಡ್ ಹಾಕಿ. ಹಳೆಯ ದಿಂಬಿನ ಕವರಿನೊಳಗೆ ಉದ್ದಕ್ಕೆ ಮಲಗಿಸಿದರೆ ಸಾಕು, ಪ್ಲಾಸ್ಟಿಕ್ ಬೇಡ. ಬೀರುವಿನ ನುಸಿಗುಳಿಗೆಯಿಂದಲೂ ದೂರ ಇಡಿ. ನಮ್ಮದು ಒಮ್ಮೆ ಅದರ ಪಕ್ಕದಲ್ಲೇ ಇತ್ತು. ಎರಡು ಮೊಳ ಮಲ್ಲಿಗೆ ಮುಡಿಸಿದರೂ ತಂಗಿಯ ಹಿಂದೆ ಕೂತವರೆಲ್ಲ ಮೂಗು ಮುಚ್ಚಿಕೊಂಡೇ ಇದ್ದರು.