ಎಣ್ಣೆಯ ಬಿಸಿ ತಿಳಿಯದೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮುಟ್ಟಬೇಡಿ

ಗೇರ್ ಹಿಡಿಯುತ್ತಿಲ್ಲ ಎಂದು ಯಾರಾದರೂ ಆಟೊಮ್ಯಾಟಿಕ್ ಟಿಪ್ಪರ್ ತಂದರೆ ನಾನು ಮೊದಲು ಎರಡು ಮಾತು ಕೇಳುತ್ತೇನೆ. ಎಣ್ಣೆ ನೋಡಿದ್ದೀರಾ? ನೋಡಿದಾಗ ಅದು ಎಷ್ಟು ಬಿಸಿಯಿತ್ತು? ಮೊದಲನೆಯದಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. ಎರಡನೆಯದಕ್ಕೆ ಉತ್ತರ ಸಿಗುವುದು ಅಪರೂಪ.

ಬಾಗಲಕೋಟೆಯ ಗದ್ದನಕೇರಿ ಕ್ರಾಸ್‌ನಲ್ಲಿ ನನ್ನ ಗ್ಯಾರೇಜ್ ಇದೆ. ಲೋಕಾಪುರದ ಕಡೆಯ ಸುಣ್ಣದಕಲ್ಲಿನ ಗಣಿಗಳ ಟಿಪ್ಪರ್‌ಗಳು ಇಲ್ಲಿಗೆ ಬರುತ್ತವೆ. ಈ ಕೆಲಸ ಹಿಡಿದ ಮೊದಲ ವರ್ಷ, ಡಿಸೆಂಬರ್‌ನ ಒಂದು ಚಳಿಯ ಬೆಳಿಗ್ಗೆ, ಒಂದು ಟಿಪ್ಪರ್‌ನ ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿದೆ. ಎಣ್ಣೆ ಮೇಲಿನ ಗುರುತಿಗಿಂತ ಬಹಳ ಕೆಳಗಿತ್ತು. ಗುರುತು ಮುಟ್ಟುವ ತನಕ ಸುರಿದು ಕಳುಹಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದೇ ಗಾಡಿ ಗೇರ್‌ಬಾಕ್ಸ್‌ನ ಗಾಳಿಕಿಂಡಿಯಾದ ಬ್ರೀದರ್‌ನಿಂದ ನೊರೆ ಉಗುಳುತ್ತ ವಾಪಸು ಬಂತು. ಮೇಲಿನ ಗುರುತು ಇರುವುದು ಬಿಸಿ ಎಣ್ಣೆಗೆ. ತಣ್ಣಗಿರುವಾಗ ಅಷ್ಟು ತುಂಬಿದರೆ, ಕಾದು ಹಿಗ್ಗಿದ ಮೇಲೆ ಅದು ಒಳಗೆ ತಿರುಗುವ ಭಾಗಗಳನ್ನು ಮುಟ್ಟುತ್ತದೆ. ಮಜ್ಜಿಗೆ ಕಡೆದ ಹಾಗೆ ನೊರೆಯೇಳುತ್ತದೆ.

ನೊರೆಯಿಂದ ಆಗುವ ಕೇಡು ದೊಡ್ಡದು. ಕೈಗೇರಿನ ಪೆಟ್ಟಿಗೆಯಲ್ಲಿ ಎಣ್ಣೆ ಸವಕಳಿ ತಡೆದರೆ ಸಾಕು. ಇಲ್ಲಿ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೇ ಎಣ್ಣೆ. ಕಂಪ್ಯೂಟರು ವೇಗದ ಸೆನ್ಸರ್‌ಗಳನ್ನು ನೋಡಿ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಕ್ಕೆ ಅಪ್ಪಣೆ ಕೊಡುತ್ತದೆ, ಸೊಲೆನಾಯ್ಡ್ ಎಣ್ಣೆಯ ದಾರಿ ತೆರೆಯುತ್ತದೆ. ಎಣ್ಣೆಯಲ್ಲಿ ಗಾಳಿ ಸೇರಿದರೆ ಒತ್ತಡ ಬೀಳುತ್ತದೆ, ಪ್ಲೇಟು ಜಾರಿ ಸುಡುತ್ತದೆ. ಎಣ್ಣೆ ಕಡಿಮೆಯಾದರೂ ಲಕ್ಷಣ ಇದೇ. ಹಾಗಾಗಿ ಗೇರ್ ಜಾರುತ್ತಿದೆ ಎಂದು ಇನ್ನೊಂದು ಲೀಟರ್ ಸುರಿಯುವವರು ಗಾಯದ ಮೇಲೆ ಬರೆ ಎಳೆಯುತ್ತಾರೆ.

ಅಲಿಸನ್ ಕಂಪನಿಯ 3000 ಮತ್ತು 4000 ಸರಣಿಯ ಗೇರ್‌ಬಾಕ್ಸ್‌ಗಳಲ್ಲಿ ಬಿಸಿ ಪರೀಕ್ಷೆಯನ್ನು ಹೀಗೆ ಮಾಡಿ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡುತ್ತಿರಲಿ. ಡಿಪ್‌ಸ್ಟಿಕ್‌ನಲ್ಲಿ ನೋಡುವುದಾದರೆ ಎಣ್ಣೆ 71ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ತಣ್ಣಗಿರುವಾಗ ನೋಡುವ ಕೆಳಗಿನ ಗುರುತು, ಎಂಜಿನ್ ಓಡಿಸುವಷ್ಟು ಎಣ್ಣೆ ಇದೆಯೇ ಎಂದು ತಿಳಿಯಲು ಮಾತ್ರ. ಮಟ್ಟ ಅಳೆಯುವ ಸೆನ್ಸರ್ ಇದ್ದರೆ ಕೆಲಸ ಇನ್ನೂ ಸುಲಭ: ಗೇರ್ ಆರಿಸುವ ಗುಂಡಿಗಳ ಫಲಕದಲ್ಲಿ ಮೇಲಿನ ಮತ್ತು ಕೆಳಗಿನ ಬಾಣಗಳನ್ನು ಒಟ್ಟಿಗೆ ಒತ್ತಿ. ಎಣ್ಣೆ ತಳಕ್ಕೆ ಇಳಿಯಲು ಎರಡು ನಿಮಿಷ ಬೇಕು. ಅಷ್ಟು ಹೊತ್ತು ಪರದೆಯಲ್ಲಿ 8ರಿಂದ 1ರ ತನಕ ಎಣಿಕೆ ಇಳಿಯುತ್ತದೆ. ಆಮೇಲೆ ‘ಓಕೆ’ ಬಂದರೆ ಸರಿ. ‘ಲೋ’ ಎಂಬುದರ ಜೊತೆ 02 ಎಂದು ಬಂದರೆ ಎರಡು ಕ್ವಾರ್ಟ್ ಕಡಿಮೆ ಎಂದರ್ಥ. ಒಂದು ಕ್ವಾರ್ಟ್ ಒಂದು ಲೀಟರ್‌ಗಿಂತ ಸ್ವಲ್ಪ ಕಡಿಮೆ. 70 ಎಂಬ ಅಂಕಿ ಬಂದರೆ ಎಣ್ಣೆ ಇನ್ನೂ ಕಾದಿಲ್ಲ, 79 ಬಂದರೆ ಅತಿಯಾಗಿ ಕಾದಿದೆ. ಇವನ್ನು ಗೇರ್‌ಬಾಕ್ಸ್ ಕೆಟ್ಟಿರುವ ಸಂಕೇತ ಎಂದು ತಿಳಿದು ಪೆಟ್ಟಿಗೆ ಬಿಚ್ಚಲು ಹೊರಟವರನ್ನು ನೋಡಿದ್ದೇನೆ. ಕಾಯಿಸಿ, ಇಲ್ಲವೇ ಆರಲು ಬಿಡಿ, ಮತ್ತೆ ನೋಡಿ.

ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸುವುದನ್ನೂ ರೂಢಿಸಿಕೊಳ್ಳಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿರಬಹುದು. ಹಾಲು ಬೆರೆಸಿದಂತೆ ತೆಳು ಗುಲಾಬಿಯಾಗಿದ್ದರೆ ಎಣ್ಣೆ ತಣಿಸುವ ಕೂಲರ್ ಒಡೆದು ಎಂಜಿನ್ ತಣಿಸುವ ಕೂಲಂಟ್ ದ್ರವ ಒಳಗೆ ಸೇರಿರಬಹುದು. ಆಗ ಗಾಡಿಯನ್ನು ಒಂದು ಮೀಟರ್ ಕೂಡ ಓಡಿಸಬೇಡಿ. ಬೇರೆಡೆಗೆ ಎಳೆದುಕೊಂಡು ಹೋಗಬೇಕಿದ್ದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಯೇ ಎಳೆಯಿರಿ. ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತು ಚಕ್ರ ಮಾತ್ರ ಉರುಳಿದರೆ ಒಳಗಿನ ಬೇರಿಂಗ್‌ಗಳು ಎಣ್ಣೆಯಿಲ್ಲದೆ ಒಣಗಿ ಸವೆಯುತ್ತವೆ.

ಎಣ್ಣೆ ಸರಿಯಿದ್ದೂ ಗೇರ್ ಬೀಳದಿದ್ದರೆ ಬ್ಯಾಟರಿ ಮತ್ತು ಅರ್ಥಿಂಗ್ ಕೇಬಲ್ ನೋಡಿ. ಡಾಲಾಕ್ಕೆ, ಅಂದರೆ ಟಿಪ್ಪರ್‌ನ ಹಿಂದಿನ ತೊಟ್ಟಿಗೆ, ವೆಲ್ಡಿಂಗ್ ಮಾಡಿಸಿದ ಮರುದಿನವೇ ಗೇರ್ ಸತ್ತಿದೆ ಎಂದು ಬರುವವರಿದ್ದಾರೆ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಕೇಬಲ್ ತೆಗೆಯಿರಿ, ಗೇರ್‌ಬಾಕ್ಸ್ ಕಂಪ್ಯೂಟರಿನ ಕನೆಕ್ಟರ್ ಬಿಡಿಸಿ, ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಿ.

ಇನ್ನು ದುಬಾರಿ ಕಾರುಗಳು. 2009ರಿಂದ ಬಂದಿರುವ ಝಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆಯಲ್ಲಿ ಡಿಪ್‌ಸ್ಟಿಕ್ ಇಲ್ಲ. ‘ಜೀವಮಾನವಿಡೀ ಎಣ್ಣೆ ಬದಲಿಸಬೇಕಿಲ್ಲ’ ಎಂಬ ಮಾತನ್ನು ನಂಬಿಕೊಂಡು ಬರುವ ಮಾಲೀಕರಿಗೆ ನಾನು ಕೈಮುಗಿದು ಹೇಳುತ್ತೇನೆ: ಯಜಮಾನರೇ, ಪೆಟ್ಟಿಗೆ ಮಾಡಿದ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ.

ಇದರ ಮಟ್ಟ ನೋಡಬೇಕಾದದ್ದು ಎಣ್ಣೆ 30ರಿಂದ 50 ಡಿಗ್ರಿ ಇರುವಾಗ. ನಮ್ಮ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಗಾಳಿಯೇ 40 ಡಿಗ್ರಿ ಮುಟ್ಟುತ್ತದೆ. ಬಿಸಿಲಲ್ಲಿ ನಿಂತ ಕಾರನ್ನು ಶುರು ಮಾಡಿ ಎಣ್ಣೆ ತುಂಬುವ ಪ್ಲಗ್ ಬಿಚ್ಚುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕಾರನ್ನು ಹಿಂದಿನ ರಾತ್ರಿಯೇ ಒಳಗೆ ತರಿಸಿ, ಬೆಳಿಗ್ಗೆ ಆರಕ್ಕೆ ಕೆಲಸ ಹಿಡಿಯುತ್ತೇನೆ. ಲಿಫ್ಟ್ ಮೇಲೆ ಕಾರು ಸಮವಾಗಿರಲಿ. ಎಣ್ಣೆ ಇಳಿಸುವ ಕೆಳಗಿನ ಪ್ಲಗ್ ಮುಟ್ಟುವ ಮುನ್ನ ಪಕ್ಕದ ತುಂಬುವ ಪ್ಲಗ್ ಸಡಿಲವಾಗುತ್ತದೆಯೇ ನೋಡಿ. ಎಣ್ಣೆಯೆಲ್ಲ ಸುರಿದ ಮೇಲೆ ಅದು ಅಂಟಿಕೊಂಡಿದೆ ಎಂದು ಗೊತ್ತಾದರೆ ಕಾರು ಅಲ್ಲೇ ಉಳಿಯುತ್ತದೆ. ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯೊಳಗೇ ಇರುವುದರಿಂದ ತಟ್ಟೆಯನ್ನೇ ಬದಲಿಸಬೇಕು. ಹೊರಚೆಲ್ಲುವ ತನಕ ಎಣ್ಣೆ ತುಂಬಿ, ಎಂಜಿನ್ ಶುರು ಮಾಡಿ, ಮತ್ತೆ ತುಂಬಿ. ಬ್ರೇಕ್ ಒತ್ತಿ ಹಿಡಿದು ರಿವರ್ಸ್, ಡ್ರೈವ್ ಎರಡಕ್ಕೂ ಹಾಕಿ ಕೆಲವು ಕ್ಷಣ ಬಿಟ್ಟು ಪಾರ್ಕ್‌ಗೆ ತನ್ನಿ. ಸ್ಕ್ಯಾನರ್‌ನಲ್ಲಿ ಬಿಸಿ ನೋಡುತ್ತಿರಿ. ಎಂಜಿನ್ ಓಡುತ್ತಿರುವಾಗಲೇ ತುಂಬುವ ಪ್ಲಗ್‌ನ ತೂತಿನಿಂದ ಎಣ್ಣೆ ಸಣ್ಣ ದಾರದಂತೆ ಇಳಿಯಬೇಕು. ಇಳಿಯದಿದ್ದರೆ ಇನ್ನಷ್ಟು ತುಂಬಿ. ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಕೊಳವೆ ಇರುತ್ತದೆ, ಕೈ ಜೋಪಾನ. 50 ದಾಟುವ ಮುನ್ನ ಪ್ಲಗ್ ಬಿಗಿ ಮಾಡಿ. ದಾಟಿಬಿಟ್ಟರೆ ಅಂದಾಜಿನ ಮೇಲೆ ಮುಚ್ಚಬೇಡಿ. ಕಾರು ಆರಲಿ, ಮರುದಿನ ಬೆಳಿಗ್ಗೆ ಮತ್ತೆ ನೋಡಿ.