ಬೇಸಿಗೆಯ ಕೆರೆಯಂಗಳ: ನಾನು ನೋಡುವ ಕ್ರಮ

ಕೆರೆ ನೋಡಲು ಬಂದವರು ಸಾಮಾನ್ಯವಾಗಿ ಏರಿಯ ಮೇಲೆ ನಿಂತು ನೀರಿನ ನಡುವಿಗೆ ದುರ್ಬೀನು ಹಿಡಿಯುತ್ತಾರೆ. ಚಳಿಗಾಲಕ್ಕೆ ಅದು ಸರಿ. ಏಪ್ರಿಲ್ ಹೊತ್ತಿಗೆ ವಲಸೆ ಬಾತುಗಳು ಹೊರಟುಹೋಗಿರುತ್ತವೆ. ಆಗ ನೋಡಬೇಕಾದ್ದು ನೀರು ಸರಿದು ಬಿಟ್ಟುಕೊಟ್ಟ ಅಂಗಳವನ್ನು. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯಾಗಲಿ, ಹಳೇಬೀಡಿನ ದ್ವಾರಸಮುದ್ರವಾಗಲಿ, ಕ್ರಮ ಒಂದೇ.

ವಾರಕ್ಕೊಮ್ಮೆ ನೀರಂಚಿನಲ್ಲಿ ಗುರುತು ಇಡುತ್ತೇನೆ. ಗೂಟ ನೆಟ್ಟರೆ ದನ ಕಾಯುವವರ ಒಲೆಗೆ ಹೋಗುತ್ತದೆ, ಸುಣ್ಣ ಬಳಿದ ಕಲ್ಲೇ ಮೇಲು. ತೂಬಿನಿಂದ ಕಲ್ಲಿಗೆ ಎಷ್ಟು ಹೆಜ್ಜೆ ಎಂದು ಬರೆದುಕೊಂಡರೆ ಸಾಕು. ನೀರಿಗೆ ತಾಗಿದ ಹಸಿ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿ, ಕೊಳಬಕ. ಅದರ ಹಿಂದೆ ಹೊನಗೊನ್ನೆ, ಜೇಕು, ಒಂದೆಲಗ ಹಬ್ಬಿದ ಹಸಿರು ಪಟ್ಟಿ. ಇನ್ನೂ ಹಿಂದೆ ಬಿರುಕು ಬಿಟ್ಟ ಒಣ ನೆಲ. ನೀರು ಇಳಿದ ಹಾಗೆ ಮೂರೂ ಪಟ್ಟಿಗಳು ಒಳಕ್ಕೆ ಸರಿಯುತ್ತವೆ. ಹಕ್ಕಿಯ ಹೆಸರಿನ ಜೊತೆಗೆ ಅದು ಯಾವ ಪಟ್ಟಿಯಲ್ಲಿತ್ತು ಎಂಬುದನ್ನೂ ಬರೆಯದಿದ್ದರೆ ಟಿಪ್ಪಣಿ ಅರ್ಧಂಬರ್ಧ.

ಬೆಳಿಗ್ಗೆ ಪೂರ್ವದ ದಡದಲ್ಲಿರಬೇಕು, ಬಿಸಿಲು ಬೆನ್ನಿಗೆ ಬೀಳುತ್ತದೆ. ಒಂಬತ್ತು ದಾಟಿದರೆ ಕಾದ ನೆಲದ ಮೇಲಿನ ಗಾಳಿ ನಡುಗಿ ದೂರದ ಹಕ್ಕಿ ಕಲಸಿಹೋಗುತ್ತದೆ. ಹೆಚ್ಚು ಶಕ್ತಿಯ ದುರ್ಬೀನು ಆ ನಡುಕವನ್ನೂ ದೊಡ್ಡದು ಮಾಡುತ್ತದೆ. 8×42, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ ದುರ್ಬೀನು ಸಾಕು. ಈ ಕಾಲದಲ್ಲಿ ಹೊಸಬರನ್ನು ಏಮಾರಿಸುವುದು ಕೊಳಬಕ: ಚಳಿಗಾಲದ ಗೆರೆಗೆರೆ ಕಂದು ಹಕ್ಕಿಗೆ ಈಗ ಬೆನ್ನೆಲ್ಲ ಕಡುಗೆಂಪು.

ಬಿಸಿಲೇರಿದ ಮೇಲೆ ಜೊಂಡಿನ ಬಳಿ ಕೂತು ಏರೋಪ್ಲೇನ್ ಚಿಟ್ಟೆ ನೋಡುವುದು ಲಾಭ. ಕೆಲವು ಜಾತಿಯವು ನಡುಹಗಲಲ್ಲಿ ಬಾಲವನ್ನು ನೆಟ್ಟಗೆ ಸೂರ್ಯನತ್ತ ಎತ್ತಿ ನಿಲ್ಲುತ್ತವೆ. ಹಾಗೆ ನಿಂತರೆ ಮೈಗೆ ತಾಗುವ ಬಿಸಿಲು ಕಡಿಮೆ. ನೀರಿನಿಂದ ಮೇಲೆ ಬಂದ ಜೊಂಡಿನ ಕಾಂಡಗಳಲ್ಲಿ ಮರಿಗಳು ಕಳಚಿಟ್ಟ ಪೊರೆಗಳನ್ನೂ ಹುಡುಕಿ.

ಒಣ ಪಟ್ಟಿಯಲ್ಲಿ ನಡೆಯುವಾಗ ಎಚ್ಚರ ಬೇಕು. ಟಿಟ್ಟಿಭ ಬರಿನೆಲದಲ್ಲೇ, ಸಾಮಾನ್ಯವಾಗಿ ನಾಲ್ಕು, ಮಣ್ಣುಬಣ್ಣದ ಮೊಟ್ಟೆ ಇಡುತ್ತದೆ. ಕಣ್ಣಿಗೆ ಬೀಳುವ ಮೊದಲೇ ಕಾಲಿಗೆ ಸಿಗುವಂಥವು. ತಲೆಯ ಮೇಲೆ ಕಿರುಚುತ್ತ ಹಾರಾಡತೊಡಗಿದರೆ ಗೂಡು ಹುಡುಕಬೇಡಿ, ಬಂದ ದಾರಿಯಲ್ಲೇ ಹಿಂದಿರುಗಿ. ತಾಯಿ ಎದ್ದುಹೋದ ಮೊಟ್ಟೆ ಬಿಸಿಲಿಗೆ ಬೇಗ ಕೆಡುತ್ತದೆ, ನೆರಳು ಮಾಡುವುದೇ ಅಲ್ಲಿ ಕಾವು ಕೂರುವುದರ ಅರ್ಧ ಕೆಲಸ. ಎದೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದೂ ಉಂಟು. ಅದನ್ನು ದೂರದಿಂದ ನೋಡಬಹುದು.

ಮೇಲೆ ಒಣಗಿದಂತೆ ಕಾಣುವ ಹೆಪ್ಪಿನ ಕೆಳಗೆ ಮೊಳಕಾಲುದ್ದ ಕೆಸರಿರುತ್ತದೆ. ಕೋಲಿನಿಂದ ಒತ್ತಿ ನೋಡಿ. ದನದ ಗೊರಸು ಆಳಕ್ಕೆ ಇಳಿದಿದ್ದರೆ ಮುಂದೆ ಹೋಗಬೇಡಿ. ಬೇಲೂರು, ಆಲೂರು ಕಡೆಯ ಕೆರೆಗಳಿಗೆ ಪೂರ್ತಿ ಬೆಳಕಾದ ಮೇಲೇ ಇಳಿಯಬೇಕು, ಆನೆ ಇದೆಯೇ ಎಂದು ಊರವರನ್ನು ಕೇಳಿಕೊಂಡು.

ತೋಟಕ್ಕೆಂದು ಗೋಡುಮಣ್ಣು ತೆಗೆದ ಗುಂಡಿಗಳನ್ನು ಬಿಡಬೇಡಿ. ನೆಟ್ಟಗೆ ಕಡಿದ ಆ ಗೋಡೆಗಳಲ್ಲಿ ಕಳ್ಳಿಪೀರ, ಮಿಂಚುಳ್ಳಿ ಬಿಲ ತೋಡುತ್ತವೆ. ಬಿಲದ ಬಾಯಲ್ಲಿ ಕಾಲೆಳೆದ ಎರಡು ಗೀರು ಹೊಸದಾಗಿದ್ದರೆ ಹಕ್ಕಿ ಓಡಾಡುತ್ತಿದೆ ಎಂದರ್ಥ. ಎದುರು ಬದಿಯಲ್ಲಿ, ಮೂವತ್ತು ನಲವತ್ತು ಅಡಿ ದೂರ ಕೂರಿ. ಗುಂಡಿಯ ಅಂಚಿಗೆ ಮಾತ್ರ ಹೋಗಬಾರದು: ಬಿಲ ಕುಸಿಯುತ್ತದೆ, ಮೇಲೆ ನಿಂತವರೂ ಜೊತೆಗೆ ಹೋಗುತ್ತಾರೆ.